ಹಂಗಳದ ಬಸ್ಸಿನಲ್ಲಿ ಹಿಡಿದಿಟ್ಟ ಸೀಟು

ದೆವ್ವ, ಆತ್ಮ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುವವಳು ನಾನು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೆ. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಬುತ್ತಿ ಬಿಚ್ಚಿಕೊಂಡು ಕೂತಾಗ ನಮ್ಮ ಮೇಷ್ಟರುಗಳು ಅಜ್ಜಿಗೆ ಕಂಡದ್ದು, ಮಾವನಿಗೆ ಕೇಳಿಸಿದ್ದು ಎಂದು ಕಥೆ ಶುರು ಮಾಡುತ್ತಿದ್ದರು. "ಕಂಡವರು ಯಾವಾಗಲೂ ಅಜ್ಜಿಯೋ ಮಾವನೋ ಆಗಿರ್ತಾರೆ. ಹೇಳೋ ನಿಮಗೆ ಮಾತ್ರ ಯಾವತ್ತೂ ಏನೂ ಕಂಡಿರಲ್ಲ, ಯಾಕೆ?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನು ಹೇಳಹೊರಟಿರುವುದು ನನ್ನ ಕಣ್ಣೆದುರೇ, ಅದೂ ಹಾಡಹಗಲಲ್ಲಿ, ಬಸ್ ಸ್ಟ್ಯಾಂಡಿನ ಗದ್ದಲದ ನಡುವೆ ನಡೆದದ್ದು. ನಂಬಿ ಎಂದು ಯಾರನ್ನೂ ಕೇಳುವುದಿಲ್ಲ. ನಾನೇ ನಂಬಿಲ್ಲ. ಆದರೆ ನಡೆದದ್ದನ್ನು ನಡೆದಿಲ್ಲ ಎನ್ನಲು ನನ್ನಿಂದ ಆಗದು. ಅದಕ್ಕೆ ನಮ್ಮ ನೆಂಟರು ಹಚ್ಚಿದ ಅರ್ಥವನ್ನು ಒಪ್ಪಲು ಅದಕ್ಕಿಂತಲೂ ಆಗದು. ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪ ರೇಷ್ಮೆ ಇಲಾಖೆಯಲ್ಲಿದ್ದರು. ಹಳ್ಳಿ ಹಳ್ಳಿ ತಿರುಗಿ ಹುಳು ಸಾಕುವ ಮನೆಗಳನ್ನು ನೋಡಿ ಬರುವ ಕೆಲಸ. ಜೀವಮಾನವಿಡೀ ಓಡಾಡಿದ್ದು ಬಸ್ಸಿನಲ್ಲೇ. ಚಾಮರಾಜನಗರದ ಬಸ್ ಸ್ಟ್ಯಾಂಡಿನಲ್ಲಿ ಸೀಟು ಹಿಡಿಯುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಬಗಲಲ್ಲಿ ಯಾವಾಗಲೂ ಇರುತ್ತಿದ್ದ ಛತ್ರಿಯನ್ನು ಅವುಚಿಕೊಂಡು, ಬಸ್ಸು ಒಳಕ್ಕೆ ತಿರುಗುವಾಗಲೇ ಅದರ ಜೊತೆ ಹೆಜ್ಜೆ ಹಾಕಿ, ಹೆಗಲ ಮೇಲಿನ ಟವೆಲನ್ನು ಕಿಟಕಿಯೊಳಗೆ ತೂರಿಸಿ, ಡ್ರೈವರ್ ಹಿಂದಿನ ಸೀಟಿನ ಮೇಲೆ ಸರಿಯಾಗಿ ಬೀಳುವ ಹಾಗೆ ಎಸೆಯುತ್ತಿದ್ದರು. ಟವೆಲ್ ಬಿದ್ದ ಮೇಲೆ ಆ ಸೀಟು ಅವರದು, ಅದು ನಮ್ಮ ಕಡೆಯ ನ್ಯಾಯ. ಆದರೆ ಎಲ್ಲರ ಹೆಗಲ ಮೇಲೂ ಒಂದೇ ಥರದ ಟವೆಲ್ ಇರುವುದರಿಂದ ನಂದು ನಿಂದು ಎಂಬ ಜಗಳ ತಪ್ಪುತ್ತಿರಲಿಲ್ಲ. ಅದಕ್ಕೆ ಅಪ್ಪ ಎಸೆಯುವ ಮೊದಲು ಒಂದು ಮೂಲೆಗೆ ಗಂಟು ಹಾಕುತ್ತಿದ್ದರು. ರೇಷ್ಮೆಗೂಡಿನ ಗಾತ್ರದ, ಒಂದು ಕಿವಿ ಹೊರಗೆ ಬಿಟ್ಟಂಥ ಗಂಟು. ಕೂತ ಮೇಲೆ ಆ ಕಿವಿ ಹಿಡಿದು ಎಳೆದರೆ ಬಿಚ್ಚಿಕೊಳ್ಳುತ್ತಿತ್ತು. ಎಲ್ಲಿ ಕಲಿತಿದ್ದರೋ, ನಮಗೆ ಯಾರಿಗೂ ಹೇಳಿಕೊಡಲಿಲ್ಲ.

ಗುಂಡ್ಲುಪೇಟೆ ಕಡೆ ಡ್ಯೂಟಿ ಬಿದ್ದಿದ್ದಾಗ ಅವರು ಹಂಗಳದ ಆಚೆ ಒಂದು ಕೆರೆ ನೋಡಿ ಬಂದಿದ್ದರು. ಹಿಂದೆ ಬೆಟ್ಟ, ಮುಂದೆ ನೀರು, ಏರಿಯ ಮೇಲೆ ಹೊಂಗೆ ಮರ. ರಿಟೈರ್ ಆದ ಮೇಲೆ ಎರಡು ದಿನ ಅಲ್ಲಿಗೆ ಹೋಗಿ ಸುಮ್ಮನೆ ಕೂತು ಬರೋಣ ಎಂದು ಅಮ್ಮನಿಗೆ ಹೇಳುತ್ತಲೇ ಇದ್ದರು. ಅಮ್ಮ ಕುದೇರು ಹಳ್ಳಿಯವಳು. ಅವಳಿಗೆ ಕೆರೆ ಎಂದರೆ ಬಟ್ಟೆ ಒಗೆಯುವ ಜಾಗ, ಎಮ್ಮೆ ಮೈ ತೊಳೆಯುವ ಜಾಗ. ಸುಮ್ಮನೆ ಕೂರಲು ಕೆರೆಗೆ ಹೋಗುವುದು ಎಂದರೆ ನಗುತ್ತಿದ್ದಳು. ನಗುತ್ತಿದ್ದಳೇ ಹೊರತು ಆ ಮಾತು ಬಂದಾಗಲೆಲ್ಲ ಮುಖ ಅರಳುತ್ತಿದ್ದದ್ದನ್ನು ನಾನು ಕಂಡಿದ್ದೇನೆ. ರಿಟೈರ್ ಆದ ವರ್ಷವೇ ಅಪ್ಪ ಎದೆನೋವು ಬಂದು ಹೋಗಿಬಿಟ್ಟರು.

ಆಮೇಲೆ ಅಮ್ಮ ಒಳಮನೆ ಬಿಟ್ಟು ಹೊರಗೆ ಬರಲಿಲ್ಲ. ಬರಲು ಬಿಡಲಿಲ್ಲ ಎನ್ನುವುದೇ ಸರಿ. ವರ್ಷದ ಎಡೆ ಇಡುವ ತನಕ ಗಂಡ ಸತ್ತವಳು ಊರು ದಾಟಬಾರದು, ಮದುವೆ ಮನೆಗೆ ಹೋಗಬಾರದು, ಬಾಗಿಲಲ್ಲಿ ನಿಲ್ಲಬಾರದು ಎಂದು ನಮ್ಮ ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ, ಪಟ್ಟಿಯನ್ನೇ ಹೇಳಿದ್ದರು. ಹೀಗಿರುವಾಗ ಒಂದು ದಿನ ಅಕ್ಕಿ ಆರಿಸುತ್ತಾ ಕೂತಿದ್ದ ಅಮ್ಮ ತಲೆ ಎತ್ತದೆಯೇ, "ನಾನು ಆ ಕೆರೆ ನೋಡ್ಬೇಕು ಕಣಮ್ಮಿ. ಕರ್ಕೊಂಡೋಯ್ತೀಯಾ?" ಎಂದಳು. ಅಮ್ಮ ತನಗಾಗಿ ಏನನ್ನಾದರೂ ಕೇಳಿದ್ದು ನನ್ನ ತಿಳಿವಳಿಕೆಯಲ್ಲಿ ಅದೇ ಮೊದಲು. ಕರ್ಕೊಂಡು ಹೋಗದೆ ಬಿಡುತ್ತೇನೆಯೇ!

ದೊಡ್ಡಪ್ಪನ ಹತ್ತಿರ ಮಾರುತಿ ವ್ಯಾನ್ ಇತ್ತು. ಸುದ್ದಿ ತಿಳಿದು ಮನೆಗೆ ಬಂದವರು ಜಗಲಿಯ ಮೇಲೆ ಕೂತು, "ವರ್ಸ ಕಳೀಲಿ, ವ್ಯಾನಲ್ಲೇ ಕಳುಸ್ತೀನಿ ಬುಡು" ಎಂದರು. ಅಪ್ಪನ ಜೊತೆ ಹೋಗಬೇಕಾಗಿದ್ದದ್ದು ಬಸ್ಸಿನಲ್ಲಿ, ಹಾಗೇ ಹೋಗುತ್ತೇವೆ, ಈಗಲೇ ಹೋಗುತ್ತೇವೆ ಎಂದೆ ನಾನು. ಅಮ್ಮನಿಗೆ ಮೊದಲಿನಿಂದಲೂ ಮಂಡಿ ನೋವು. ದೊಡ್ಡಪ್ಪ ನಕ್ಕರು. "ಆ ಮಂಡಿ ಇಟ್ಕಂಡು ಬಸ್ಸಲ್ಲಾ? ತೆರಕಣಾಂಬಿನೂ ದಾಟಕ್ಕಿಲ್ಲ. ಅರ್ಧ ದಾರೀಲಿ ವಾಪಸ್ ಬತ್ತೀರಿ, ನೋಡ್ತಿರು." ಅಮ್ಮ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ಬಾವನ ಎದುರು ಅವಳು ಯಾವತ್ತೂ ದನಿ ಎತ್ತಿದವಳಲ್ಲ. ಆಗಲೇ ನನಗೆ ಗೊತ್ತಾಗಿತ್ತು, ನಾವೇನಾದರೂ ಅರ್ಧ ದಾರಿಯಿಂದ ಹಿಂತಿರುಗಿದರೆ ಈ ಹೆಂಗಸು ಇನ್ನೊಂದು ಸಲ ಹೊಸ್ತಿಲು ದಾಟುವುದಿಲ್ಲ.

ಹಾಗಾಗಿ ಎರಡು ದಿನದ ಪ್ರವಾಸಕ್ಕೆ ದಂಡಿಗೆ ಹೊರಡುವವರಂತೆ ತಯಾರಿ ಮಾಡಿದೆ. ಸ್ಟ್ಯಾಂಡಿಗೆ ಹೋಗಿ ಬಸ್ಸುಗಳ ಹೊತ್ತು ವಿಚಾರಿಸಿದೆ. ಗುಂಡ್ಲುಪೇಟೆ ತನಕ ಒಂದು ಬಸ್ಸು, ಅಲ್ಲಿಂದ ಹಂಗಳಕ್ಕೆ ಇನ್ನೊಂದು, ಅಲ್ಲಿಂದ ಕೆರೆಗೆ ಆಟೋ. ರಾತ್ರಿ ಉಳಿಯಲು ಹಂಗಳದಲ್ಲಿ ನಮ್ಮ ಸ್ಕೂಲಿನ ಹಿಂದಿ ಟೀಚರ ತವರುಮನೆ ಇತ್ತು. ಬಂಡೀಪುರದ ರಸ್ತೆಯನ್ನು ರಾತ್ರಿ ಮುಚ್ಚಲು ಶುರು ಮಾಡಿದ್ದ ಹೊಸತು. ಗೇಟು ಹಾಕುವುದರೊಳಗೆ ಕಾಡು ದಾಟಬೇಕೆಂದು ಊಟಿ ಕಡೆಯ ಜನವೆಲ್ಲ ಹಗಲು ಬಸ್ಸುಗಳಿಗೇ ಮುಗಿಬೀಳುತ್ತಿದ್ದರು. ಅಮ್ಮನಿಗೆ ಸೀಟು ಸಿಗುವುದೊಂದೇ ನನ್ನ ಚಿಂತೆ. ಮಿಕ್ಕದ್ದೆಲ್ಲ ಹೇಗೋ ಆಗುತ್ತಿತ್ತು.

ಅಪ್ಪನ ಬಟ್ಟೆಗಳನ್ನೆಲ್ಲ ಯಾರು ಯಾರಿಗೋ ಕೊಟ್ಟಾಗ ಅಮ್ಮ ಒಂದೇ ಒಂದು ಟವೆಲನ್ನು ಎತ್ತಿಟ್ಟುಕೊಂಡಿದ್ದಳು. ಅಂಚು ಬಿಟ್ಟಿದ್ದ ಕಡೆ ಅವಳೇ ಹಸಿರು ದಾರದಲ್ಲಿ ಹೊಲಿದಿದ್ದ ಟವೆಲ್. ಅವತ್ತು ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ಅದನ್ನು ಚೀಲದಿಂದ ತೆಗೆದು, "ತಕೊ, ಇದ್ನೇ ಎಸಿ" ಎಂದು ನನ್ನ ಕೈಗೆ ಕೊಟ್ಟಳು. ಗುಂಡ್ಲುಪೇಟೆ ಬೋರ್ಡು ಹಾಕಿದ್ದ ಬಸ್ಸು ಒಳಗೆ ಬಂತು. ನಾನೂ ಸೆರಗು ಸಿಕ್ಕಿಸಿಕೊಂಡು ಓಡಿದೆ. ಗಂಟು ಹಾಕಲು ಬರುತ್ತಿರಲಿಲ್ಲ, ಹಾಗೇ ಮುದ್ದೆ ಮಾಡಿ ಕಿಟಕಿಯಲ್ಲಿ ತೂರಿದೆ. ಸರಿಯಾಗಿ ಸೀಟಿನ ಮೇಲೆ ಬಿತ್ತು. ಗೆದ್ದೆ ಎಂದುಕೊಂಡು ಬಾಗಿಲ ಹತ್ತಿರ ಹೋದರೆ ಕಂಡಕ್ಟರ್ ಬೋರ್ಡು ತಿರುಗಿಸುತ್ತಿದ್ದ. "ಇದು ಗುಂಡ್ಲುಪೇಟೆಯಿಂದ ಬಂದಿದ್ದು ಕಣಮ್ಮ. ಈಗ ನಂಜನಗೂಡು, ಮೈಸೂರು. ನಿಂದು ಅಲ್ನೋಡು, ಒಂಟೋಯ್ತದೆ!" ಎಂದು ಕೂಗಿದ.

ತಿರುಗಿ ನೋಡಿದರೆ ಗುಂಡ್ಲುಪೇಟೆ ಬಸ್ಸು ಆಚೆ ಬದಿಯಿಂದ ಆಗಲೇ ಹೊರಟಿದೆ. ಮೈಸೂರಿನ ಬಸ್ಸಿನ ಬಾಗಿಲಲ್ಲಿ ಒಳಗೆ ನುಗ್ಗಲಾರದಷ್ಟು ಜನ. ಬಂದ ಬಸ್ಸಿನ ಬೋರ್ಡು ನೋಡಿ ಟವೆಲ್ ಎಸೆಯುವ ಪೆದ್ದುತನವನ್ನು ಅಪ್ಪ ಒಂದು ದಿನವೂ ಮಾಡಿರಲಿಲ್ಲ. ಅಮ್ಮನ ಕೈ ಹಿಡಿದು ಎಳೆದುಕೊಂಡು ಓಡಿ ನಮ್ಮ ಬಸ್ಸು ಹತ್ತಿದೆ. ಕಿಟಕಿಯಿಂದ ನೋಡಿದಾಗ ಆ ಬಸ್ಸು ಟವೆಲ್ ಸಮೇತ ನಂಜನಗೂಡಿನ ರಸ್ತೆಗೆ ತಿರುಗಿಕೊಳ್ಳುತ್ತಿತ್ತು. ಇದನ್ನು ನಾನೂ ನೋಡಿದೆ, ಅಮ್ಮನೂ ನೋಡಿದಳು. ಈ ಮಾತು ನೆನಪಿರಲಿ.

ತೆರಕಣಾಂಬಿ ತನಕ ಅಮ್ಮ ನಿಂತೇ ಬಂದಳು. ಆಮೇಲೆ ಹಿಂದಿನ ಉದ್ದ ಸೀಟಿನ ತುದಿಯಲ್ಲಿ ಯಾರೋ ಒಂದಿಷ್ಟು ಜಾಗ ಕೊಟ್ಟರು. ಗುಂಡ್ಲುಪೇಟೆಯಲ್ಲಿ ಇಳಿಯುವ ಹೊತ್ತಿಗೆ ಮಂಡಿ ಊದಿತ್ತು. ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂತು ಅಮ್ಮ ಮಂಡಿ ನೀವಿಕೊಂಡಳು. ಆಮೇಲೆ, "ಅವ್ರುದು ಅಂತ ಇದ್ದುದ್ದು ಅದೊಂದೇ. ಅದ್ನೂ ಕಳ್ದ್ಬುಟ್ಟೆವಲ್ಲ ಕಣಮ್ಮಿ" ಎಂದಳು. ಸ್ವಲ್ಪ ಬಿಟ್ಟು, "ವಾಪಸ್ ಓಗನ ಬುಡು" ಎಂದಳು. ದೊಡ್ಡಪ್ಪನ ನಗು ಕಿವಿಯಲ್ಲೇ ಕೇಳಿಸಿದ ಹಾಗಾಯಿತು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಎತ್ತಿಕೊಂಡಾದರೂ ಹೋಗುತ್ತೇನೆ, ವಾಪಸ್ ಮಾತ್ರ ಹೋಗುವುದಿಲ್ಲ ಎಂದೆ.

ಅಷ್ಟರಲ್ಲಿ ಹಂಗಳದ ಬಸ್ಸು ಬಂತು. ಚೆಂಡುಹೂವಿನ ಹೊಲಕ್ಕೆ ಹೋಗುವ ಹೆಂಗಸರು, ಕಾಲೇಜು ಹುಡುಗರು, ಸಂತೆ ಚೀಲಗಳು. ಎಲ್ಲ ಕಿಟಕಿಗಳಲ್ಲೂ ಟವೆಲ್ಲು, ಕರ್ಚೀಫು, ಪುಸ್ತಕ ಒಳಗೆ ಬೀಳುತ್ತಿವೆ. ಎಸೆಯಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಅಮ್ಮನನ್ನು ತೋಳು ಹಿಡಿದು ಬಾಗಿಲ ಹತ್ತಿರ ತಂದು ನಿಲ್ಲಿಸಿದೆ. ಕಂಡಕ್ಟರ್ ಫುಟ್‌ಬೋರ್ಡಿನ ಮೇಲೆ ನಿಂತು, "ಚಾಮ್‌ರಾಜನಗರದಿಂದ ಬಂದಿರೋ ತಾಯಿ ಮಗಳು ಯಾರ್‍ರಮ್ಮ?" ಎಂದು ಕೂಗಿದ. ಅವನು ಅಮ್ಮನ ಕಾಲು ನೋಡಿ, "ನೀವೇಯಾ? ಬನ್ನಿ ಬನ್ನಿ, ದಾರಿ ಬುಡ್ರಲಾ" ಎಂದು ಹುಡುಗರನ್ನು ಸರಿಸಿದ. "ನಿಮ್ ಯಜಮಾನ್ರು ಸೀಟ್ ಹಿಡ್ದವ್ರೆ. ತಾಯಿಗೆ ಮಂಡಿ ನೋವು, ಕಿಟ್ಕಿ ಪಕ್ಕ ಕೂರ್ಸಪ್ಪಾ ಅಂದ್ರು."

ಡ್ರೈವರ್ ಹಿಂದಿನ ಸೀಟು. ಅದರ ಮೇಲೆ ಉದ್ದಕ್ಕೆ ಹರಡಿದ ಟವೆಲ್. ಅಂಚಿನಲ್ಲಿ ಹಸಿರು ದಾರದ ಹೊಲಿಗೆ. ಒಂದು ಮೂಲೆಯಲ್ಲಿ ಕಿವಿ ಬಿಟ್ಟ ಗಂಟು.

ನಾನು ಬಗ್ಗಿ ಆ ಹೊಲಿಗೆಯನ್ನು ಮತ್ತೊಮ್ಮೆ ನೋಡಿದೆ. ಅಮ್ಮ ಮಾತ್ರ ಟವೆಲ್ ಎತ್ತಿ ಮಡಿಲಲ್ಲಿಟ್ಟುಕೊಂಡು, ಪ್ರತಿ ಸಲ ಕೂರುವ ಹಾಗೆಯೇ ಕೂತು, ಕಿಟಕಿಯಾಚೆ ನೋಡತೊಡಗಿದಳು. ಬಸ್ಸು ಊರು ದಾಟಿದ ಮೇಲೆ ಟಿಕೆಟಿಗೆ ಬಂದ ಕಂಡಕ್ಟರನ್ನು ಆ ಯಜಮಾನರು ಎಲ್ಲಿ ಎಂದು ಕೇಳಿದೆ. "ಸ್ಟ್ಯಾಂಡೊಳಕ್ಕೆ ಬಸ್ ತಿರುಗ್ತಿದ್ದಂಗೇ ಜೊತೇಲಿ ಬಂದ್ರು. ಬಗುಲಲ್ಲಿ ಛತ್ರಿ ಇತ್ತು. ಟವಲ್ ಹಾಕ್ಬುಟ್ಟು ನಿಮ್ ಇಚಾರ ಯೋಳುದ್ರು. ತಿರುಗ್ನೋಡ್ತೀನಿ, ಇಲ್ಲ. ಯಾಕ್ ಮೇಡಂ, ಅವ್ರು ಬರಾಕಿಲ್ವಾ?" ಎಂದ. ಬರುವುದಿಲ್ಲ ಎಂದು ಎರಡು ಟಿಕೆಟ್ ತೆಗೆದುಕೊಂಡೆ.

ಆಮೇಲಿಂದ ನಾನು ಯೋಚಿಸದ ದಾರಿ ಇಲ್ಲ. ಮೈಸೂರಿನ ಬಸ್ಸಿನಲ್ಲಿದ್ದ ಯಾರೋ ಟವೆಲ್ ತೆಗೆದುಕೊಂಡು ನಂಜನಗೂಡಿನಲ್ಲಿ ಇಳಿದು ಗುಂಡ್ಲುಪೇಟೆಗೆ ಬಂದಿರಬಹುದು. ಬರಬಹುದು, ಆದರೆ ನಮಗಿಂತ ದುಪ್ಪಟ್ಟು ದೂರ ಸುತ್ತಿ ನಮ್ಮ ಹಿಂದೆಯೇ ಬಂದು ಮುಟ್ಟುವುದು ಹೇಗೆ? ಬಂದರೂ ಅಮ್ಮನ ಮಂಡಿಯ ವಿಷಯ ಅವರಿಗೆ ಹೇಳಿದವರು ಯಾರು? ಹೋಗಲಿ, ಪರಿಚಯದವರೇ ಯಾರೋ ಉಪಕಾರ ಮಾಡಿದರು ಎನ್ನೋಣ. ಹಾಗೆ ಮಾಡಿ ಇಷ್ಟು ವರ್ಷ ಬಾಯಿ ಬಿಡದೆ ಇರುವಂಥವರು ನಮ್ಮ ನೆಂಟರಲ್ಲಿ ಒಬ್ಬರೂ ಇಲ್ಲ. ಮತ್ತೊಂದು ಸಲ ಗುಂಡ್ಲುಪೇಟೆಗೆ ಹೋಗಿ ಅದೇ ಕಂಡಕ್ಟರನ್ನು ಹುಡುಕಿ ಕೇಳಿದೆ. ಮೊದಲು ಹೇಳಿದ್ದನ್ನೇ ಹೇಳಿದ, ಒಂದು ಮಾತು ಕೂಡಿಸಲಿಲ್ಲ, ಕಳೆಯಲಿಲ್ಲ.

ಕೆರೆಯನ್ನು ಮಾತ್ರ ಅಮ್ಮ ಕಣ್ತುಂಬ ನೋಡಿದಳು. ಬಿಸಿಲು ಇಳಿಯುವ ಹೊತ್ತಿಗೆ ಹೊಂಗೆ ಮರದ ಕೆಳಗೆ ಚಾಪೆ ಹಾಸಿದೆವು. ಬೆಟ್ಟದ ತಲೆಯ ಮೇಲೆ ಮೋಡ ಕೂತಿತ್ತು. ದನ ಹೊಡೆದುಕೊಂಡು ಹೋಗುತ್ತಿದ್ದ ಒಬ್ಬ ಅಜ್ಜ, "ಕತ್ತಲಾಗಗಂಟ ಇರ್ಬೇಡಿ ಕಣವ್ವ, ನೀರ್‌ಗೆ ಆನೆ ಬತ್ತವೆ" ಎಂದು ಹೇಳಿ ಹೋದ. ಅಮ್ಮ ಊದಿದ ಕಾಲನ್ನು ನೀರಿನಲ್ಲಿ ಇಳಿಬಿಟ್ಟು ಬಂದು ಕೂತು ಚಿತ್ರಾನ್ನ ತಿಂದಳು. ಒಗೆಯಲು ಬಟ್ಟೆ ಇಲ್ಲದೆ, ತೊಳೆಯಲು ಎಮ್ಮೆ ಇಲ್ಲದೆ ಅವಳು ಕೆರೆಯ ಮುಂದೆ ಕೂತದ್ದು ಅದೇ ಮೊದಲು. ನಾನು ಅವಳ ಎಡಗಡೆ ಕೂರಲು ಹೋದರೆ ಅಲ್ಲಿ ಆ ಟವೆಲ್ ಹಾಸಿತ್ತು. "ಅಲ್ಲಿ ಬ್ಯಾಡ, ಈಚೆಗೆ ಕೂತ್ಕೊ ಕಣಮ್ಮಿ" ಎಂದಳು. "ಸೀಟ್ ಹಿಡ್ದಿವ್ನಿ." ನಾನು ಈಚೆಗೆ ಬಂದು ಕೂತೆ. ಹೊರಡುವ ತನಕ ಆ ಕಡೆ ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ. ಅವಳು ಆಗಾಗ ನೋಡುತ್ತಿದ್ದಳು.

ಮರುದಿನ ಬಸ್ಸಿನಲ್ಲೇ ವಾಪಸ್ ಬಂದೆವು. ನಾನು ಈ ಸಂಗತಿಯನ್ನು ಹೇಳಬಾರದಾಗಿತ್ತು, ಚಿಕ್ಕಮ್ಮನಿಗೆ ಹೇಳಿದೆ, ಅದು ಸಂಜೆಯೊಳಗೆ ದೊಡ್ಡಪ್ಪನಿಗೆ ಮುಟ್ಟಿತು. ಅವರು ಬಂದು ಜಗಲಿಯ ಮೇಲೆ ಕೂತು, ವರ್ಷ ತುಂಬುವ ಮೊದಲೇ ಊರು ದಾಟಿಸಿದ್ದಕ್ಕೆ ಆತ್ಮ ಬೀದಿ ಅಲೆಯುತ್ತಿದೆ, ತಡೆಯಲು ಬಂದಿತ್ತು, ಶಾಂತಿ ಮಾಡಿಸಬೇಕು, ಇನ್ನು ಮೇಲಾದರೂ ಅವಳು ಮನೆಯಲ್ಲಿರಲಿ ಎಂದು ತೀರ್ಪು ಕೊಟ್ಟರು. ನಾನು ಜಗಳಕ್ಕೆ ಸೆರಗು ಕಟ್ಟಿದ್ದೆ. ಆದರೆ ಬಾಗಿಲ ಹಿಂದಿನಿಂದ ಅಮ್ಮ ಹೊರಗೆ ಬಂದಳು. ದೊಡ್ಡಪ್ಪನ ಎದುರಿಗೇ ನಿಂತಳು.

"ತಡೆಯಾಕ್ ಬಂದೋರು ಸೀಟ್ ಹಿಡಿತಾರಾ ಬಾವ?" ಎಂದಳು.

ದೊಡ್ಡಪ್ಪ ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಹೋದರು. ಶಾಂತಿಯನ್ನು ನಾವು ಮಾಡಿಸಲಿಲ್ಲ. ಅಮ್ಮ ಆ ವರ್ಷ ತುಂಬುವುದರೊಳಗೆ ಇನ್ನೂ ಮೂರು ನಾಲ್ಕು ಊರು ತಿರುಗಿದಳು, ಎಲ್ಲವೂ ಬಸ್ಸಿನಲ್ಲಿ.

ಈಗಲೂ ನಾನು ದೆವ್ವ ಭೂತ ಎಂದರೆ ಎದ್ದು ಹೋಗುವವಳೇ. ಬಂದದ್ದು ಯಾರು ಎಂದು ನೀವು ಕೇಳಿದರೆ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎನ್ನಲು ನನಗೇನೂ ನಾಚಿಕೆಯಿಲ್ಲ. ಆ ಟವೆಲ್ ನಮ್ಮ ಬೀರುವಿನಲ್ಲಿದೆ. ಅದರ ಮೂಲೆಯ ಗಂಟನ್ನು ಅವತ್ತಿನಿಂದ ಯಾರೂ ಬಿಚ್ಚಿಲ್ಲ. ಕಿವಿ ಹಿಡಿದು ಎಳೆದರೆ ಬಿಚ್ಚಿಕೊಳ್ಳುತ್ತದೆ ಎಂದು ಗೊತ್ತಿದೆ. ಆದರೆ ಬಿಚ್ಚಿದರೆ ಮತ್ತೆ ಹಾಕಲು ನನಗೂ ಬರುವುದಿಲ್ಲ, ಅಮ್ಮನಿಗೂ ಬರುವುದಿಲ್ಲ.