ಧೂಳಪ್ಪನ ಬಲಗೈ

ಸಿಂದಗಿಯಿಂದ ಮೂರು ಹರದಾರಿ ದೂರದ ನಮ್ಮೂರಲ್ಲಿ ಧೂಳಪ್ಪ ಕವಣಿ ಬೀಸಿದರೆ ಗುಂಡು ಎಲ್ಲಿ ಬೀಳುತ್ತದೆಂದು ಕಣ್ಣಾರೆ ಕಂಡವರಿಲ್ಲ. ಮುಂಜಾನೆ ಹೊರಟದ್ದು ಮಧ್ಯಾಹ್ನಕ್ಕೆ ಇಂಡಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ನೀರು ಕುಡಿಯುತ್ತಿತ್ತಂತೆ. ನಂಬಿಕೆ ಬರದಿದ್ದರೆ ಅರ್ಧ ಕಡಿಮೆ ಮಾಡಿಕೊಂಡು ನಂಬಿರಿ. ಆದರೆ ನಮ್ಮೂರ ಗಿಳಿಗಳು ಹಟ ಮಾಡುವ ಮರಿಗಳಿಗೆ ಧೂಳಪ್ಪನ ಹೆಸರು ಹೇಳಿ ಮಲಗಿಸುತ್ತಿದ್ದವು ಎಂಬುದರಲ್ಲಿ ಒಂದು ಕಾಳಿನಷ್ಟೂ ಸುಳ್ಳಿಲ್ಲ.

ಶ್ರೀಶೈಲಪ್ಪಗೌಡರ ಬಿಳಿಜೋಳದ ಹೊಲಕ್ಕೆ ಅವನು ನಲವತ್ತು ವರ್ಷ ಹಕ್ಕಿ ಕಾದ. ತೆನೆ ಹಾಲುಗಾಳು ಕಟ್ಟಿದ ದಿನ ಹೊಲದ ನಡುವಿನ ಕಾವಲು ಅಟ್ಟ ಏರಿದರೆ ಕೊಯ್ಲಿನ ತನಕ ಇಳಿಯುತ್ತಿರಲಿಲ್ಲ. ಕೆಳಗೆ, ಏಣಿಯ ಮೂರನೆಯ ಮೆಟ್ಟಿಲ ಮೇಲೆ ಅವನ ಹೆಂಡತಿ ಸಾತವ್ವ. ಎರೆಮಣ್ಣು ಕಲಸಿ ಗುಂಡು ಕಟ್ಟುವುದು, ಒಣಗಿಸುವುದು, ಪುಟ್ಟಿಗೆ ತುಂಬುವುದು ಅವಳ ಕೆಲಸ. ಮೇಲಿನಿಂದ ಅವನ ಬಲಗೈ ಇಳಿಯುತ್ತಿತ್ತು, ಅವಳು ಅದರಲ್ಲಿ ಒಂದು ಗುಂಡು ಇಡುತ್ತಿದ್ದಳು. ಅವನು ತಿರುಗಿ ನೋಡುತ್ತಿರಲಿಲ್ಲ. ನೋಡಿದರೆ ಅಷ್ಟರಲ್ಲಿ ಒಂದು ಗುಬ್ಬಿ ನಾಲ್ಕು ಕಾಳು ತಿಂದುಬಿಟ್ಟರೆ? ಮಕ್ಕಳಿಲ್ಲದ ಆ ಸಂಸಾರದಲ್ಲಿ ನಲವತ್ತು ವರ್ಷದ ಮಾತುಕತೆಯೆಲ್ಲ ಇಷ್ಟೇ.

ಎಪ್ಪತ್ತೈದನೆಯ ಇಸವಿ, ಸಂಕ್ರಾಂತಿ ಮುಗಿದ ವಾರ, ನಾಲ್ಕು ದಿನದ ಜ್ವರದಲ್ಲಿ ಸಾತವ್ವ ಹೋದಳು. ಜ್ವರದಲ್ಲೇ ಎದ್ದು ಹಿಂದಿನ ದಿನ ಕಟ್ಟಿದ ಗುಂಡುಗಳು ಅಂಗಳದಲ್ಲಿ ಇನ್ನೂ ಹಸಿಯಾಗಿದ್ದವು.

ಮೂರನೆಯ ದಿನ ಅವಳನ್ನು ಹೂಳಿದ ಮಣ್ಣಿನ ಮೇಲೆ ಎಡೆ ಇಟ್ಟರು. ಎರಡು ರೊಟ್ಟಿ, ಪುಂಡಿಪಲ್ಯ, ಒಂದು ಹಸಿ ಉಳ್ಳಾಗಡ್ಡಿ. ಕಾಗೆ ಬಂದು ಮುಟ್ಟಿದರೆ ಹೋದವರು ತೃಪ್ತರಾದರೆಂದು ಲೆಕ್ಕ. ಹೊಲದ ಬದಿಯ ಬೇವಿನ ಮರದ ಮೇಲೆ ಇಡೀ ತಾಲ್ಲೂಕಿನ ಕಾಗೆಗಳ ಸಭೆಯೇ ಸೇರಿತ್ತು. ಒಂದೂ ಇಳಿಯಲಿಲ್ಲ.

ಧೂಳಪ್ಪನಿಗೆ ದೂರದ ಚಿಗವ್ವನಾಗಬೇಕಾದ ಸಿದ್ದವ್ವ ನಮ್ಮೂರ ಶಾಸ್ತ್ರಗಳಿಗೆಲ್ಲ ಯಜಮಾನಿ. "ಆಕಿ ಮನಸ್ಸಿನ್ಯಾಗ ಏನರೆ ಆಸೆ ಉಳದೈತಿ," ಅಂದಳು. "ಮಾತ ಕೊಡೋ, ಬರ್ತಾವ."

"ಏನಂತ ಕೊಡ್ಲಿ ಚಿಗವ್ವ? ಏನ ಆಸೆ ಇತ್ತ ಆಕಿಗಿ?"

"ನನ್ನ ಕೇಳ್ತಿ? ಬಾಳೇವು ಮಾಡಿದಾಂವ ನೀನೋ, ನಾನೋ?"

ಧೂಳಪ್ಪ ತಲೆ ಕೆರೆದುಕೊಂಡ. "ಗುಡಿಗಿ ಇಳಕಲ್ ಸೀರಿ ಏರಸ್ತೇನಿ," ಅಂದ. ಕಾಗೆಗಳು ಒಂದು ಟೊಂಗೆ ಮೇಲೆ ಹೋದವು. "ತಂಬಾಕ ಬಿಡ್ತೇನಿ," ಅಂದ. ಎರಡು ಕಾಗೆ ಊರನ್ನೇ ಬಿಟ್ಟವು.

ಆಗ ಸಿದ್ದವ್ವನಿಗೆ ಹೊಳೆಯಿತು. "ಥೂ ನಿನ್ನ, ಭಾಡ್ಯಾ! ನಲವತ್ತ ವರ್ಷ ಕವಣಿ ಬೀಸಿದಾಂವ ಎಡಿ ಮುಂದ ಕಂಬ ನಿಂತಂಗ ನಿಂತಿ! ಅವೇನ ನಿನ್ನ ಬೀಗರೇನ, ಉಣ್ಣಾಕ ಬರಾಕ? ಹಿಂದ ಸರಿ!"

ಅವನು ಬೇಲಿಯ ತನಕ ಸರಿದ. ಹಳ್ಳದ ತನಕ ಸರಿದ. ಕಂಬಳಿ ಹೊದ್ದು ಕುರಿಯಂತೆ ಕೂತ. ಕಾಗೆಗಳು ಕತ್ತು ಹೊರಳಿಸಿ ಅಲ್ಲಿಗೇ ನೋಡಿದವು. ಅವು ಒಪ್ಪುವಷ್ಟು ಸರಿದಿದ್ದರೆ ಆಲಮಟ್ಟಿಯಲ್ಲಿ ಕೃಷ್ಣೆಗೆ ಬೀಳುತ್ತಿದ್ದ. ಹೊತ್ತು ಏರಿತು. ಕೊನೆಗೆ ಪದ್ಧತಿಯಂತೆ ಎಡೆಯನ್ನು ಆಕಳಿಗೆ ತಿನ್ನಿಸಿ ಎಲ್ಲರೂ ಮನೆಗೆ ನಡೆದರು.

"ಆಕಳ ತಿಂದೈತಿ, ಆತ ಬಿಡೋ," ಅಂದಳು ಸಿದ್ದವ್ವ.

"ಆಕಳ ನನ್ನ ರುಂಬಾಲಾನೂ ತಿಂದೈತಿ ಚಿಗವ್ವ. ಅದರ ಸಾಕ್ಷಿ ಯಾರ ಕೇಳ್ತಾರ?"

ತನ್ನ ಹೆಸರು ಕಾಗೆಗಳ ಕಿವಿಗೆ ಬೀಳದ ಊರುಗಳೂ ಇರಬಹುದೆಂದು ಅವನು ರೊಟ್ಟಿಗಂಟು ಕಟ್ಟಿಕೊಂಡು ಬಸ್ಸು ಹತ್ತಿದ. ಇಂಡಿಯಲ್ಲಿ ಆಗಲಿಲ್ಲ, ಮುದ್ದೇಬಿಹಾಳದಲ್ಲೂ ಆಗಲಿಲ್ಲ. ಬಾಗೇವಾಡಿಯಲ್ಲಿ ಮಾತ್ರ ಚಹಾದಂಗಡಿಯ ಬಾಬುಲಾಲನ ಮುಂದೆ ಗಂಟು ಬಿಚ್ಚುವ ಮೊದಲೇ ಒಂದು ಕಾಗೆ ಅರಿವೆ ಸಮೇತ ರೊಟ್ಟಿ ಎಳೆಯಿತು. ಧೂಳಪ್ಪನ ಕಣ್ಣಲ್ಲಿ ನೀರು.

"ಯಾಕ ಅಳಾಕತ್ತಿ ಕಾಕಾ? ಇಲ್ಲಿ ಕಾಗಿ ಹಿಂಗ. ನಿನ್ನಿ ನನ್ನ ಸಾಬಾಣಾನೂ ಒಯ್ದಾವ."

"ಸಾಬಾಣ?"

"ಕೆಂಪಂದು. ಅರ್ಧಾ ತಿಂದಾವ."

ಧೂಳಪ್ಪ ಅರಿವೆ ಜಾಡಿಸಿಕೊಂಡು ಎದ್ದ. ಸಾಬೂನು ತಿನ್ನುವ ಕಾಗೆಗೆ ಸಾತವ್ವನ ಗುರುತು ಎಲ್ಲಿಯದು? ಮುಟ್ಟಿದರೆ ಅವಳನ್ನು ಕಂಡ ಹಕ್ಕಿಯೇ ಮುಟ್ಟಬೇಕು. ತಾನು ಕಾದ ಹೊಲದ್ದೇ ಆಗಬೇಕು.

ಮರುದಿನ ಅಟ್ಟ ಏರಿದ. ಪುಟ್ಟಿಯಿಂದ ಗುಂಡು ತೆಗೆದ. ಒಣಗಿದ ಮಣ್ಣಿನಲ್ಲಿ ಮೂರು ಬೆರಳಿನ ಗುರುತು ಹಾಗೇ ಉಳಿದಿತ್ತು. ಮತ್ತೊಂದು ತೆಗೆದ, ಅದರಲ್ಲೂ ಅವೇ. ಬೀಸಿದರೆ ಹೋಯಿತು, ತಿರುಗಿ ಬರುವುದಿಲ್ಲ. ಪುಟ್ಟಿಯನ್ನು ಮಗ್ಗುಲಿಗೆ ಇಟ್ಟು, ಪಕ್ಕದಲ್ಲಿ ಒಂದು ರೊಟ್ಟಿ ಮುರಿದು ಹಾಕಿ, ಸುಮ್ಮನೆ ಕೂತ.

ಹಕ್ಕಿಗಳಿಗೆ ಮೊದಲು ನಂಬಿಕೆ ಬರಲಿಲ್ಲ; ಇದೇನೋ ಹೊಸ ಹೂಟ ಅಂದುಕೊಂಡವು. ಎರಡನೆಯ ದಿನ ಬೇಲಿಗೆ ಬಂದವು, ನಾಲ್ಕನೆಯ ದಿನ ತೆನೆಗೆ. ಎಂಟು ದಿನದಲ್ಲಿ ಬಿಜಾಪುರದಿಂದ ಕಲಬುರ್ಗಿಯ ತನಕ ಡಂಗುರ ಆಗಿ, ಗೌಡರ ಹೊಲದ ಮೇಲೆ ಬಿಸಿಲು ನೆಲಕ್ಕೆ ತಾಗದಷ್ಟು ಗಿಳಿ, ಗುಬ್ಬಿ, ಗೊರವಂಕ. ಅವು ತಿಂದವು, ಇವನು ಮಾತಾಡಿದ. "ಈ ಸಾಲಿನ ಕಳೆ ಸಾತವ್ವ ತಗದದ್ದು. ಸಾವಕಾಶ ತಿನ್ರಿ." ನಲವತ್ತು ವರ್ಷ ಅವಳಿಗೆ ಆಡದ ಮಾತೆಲ್ಲ ಗುಬ್ಬಿಗಳ ಪಾಲಾಯಿತು. ಅವು ಕತ್ತು ಓರೆ ಮಾಡಿ ಕೇಳುತ್ತಿದ್ದವು. ರೆಕ್ಕೆಗಳ ಸಪ್ಪಳ ಇರುವಷ್ಟು ಹೊತ್ತು ಎದೆಯ ಭಾರ ತುಸು ಇಳಿದಂತಾಗುತ್ತಿತ್ತು. ಕಾಗೆಗಳು ಮಾತ್ರ ಬೇವಿನ ಮರ ಬಿಡಲಿಲ್ಲ.

ಒಂದು ದಿನ ಗೌಡರು ಬಂದು ತೆನೆ ತಿಕ್ಕಿದರು. ಅಂಗೈಯಲ್ಲಿ ಬರೀ ಹೊಟ್ಟು.

"ಧೂಳಪ್ಪ, ಇದೇನಪ್ಪಾ?"

"ಹಕ್ಕಿ ತಿಂದಾವ್ರಿ ಗೌಡ್ರ."

"ಅದು ನನಗೂ ಕಾಣತೈತಿ. ನೀ ಏನ ಮಾಡಾಕತ್ತಿದ್ದಿ?"

"ನೋಡಾಕತ್ತಿದ್ನಿರಿ."

ಬೈಯಲು ತೆರೆದ ಬಾಯನ್ನು ಗೌಡರು ಮುಚ್ಚಿಕೊಂಡರು. ಮುದುಕನ ಮೋರೆ ಹಾಗಿತ್ತು. "ಉಳದದ್ದರೆ ಉಳೀಲಿ. ಸೋಮವಾರದಿಂದ ತಗಡ ಬಡ್ಯಾವರನ್ನ ಹಚ್ಚತೇನಿ. ನೀ ಮನಿಯಾಗ ಇರಪಾ," ಅಂದರು.

ಅದು ಶನಿವಾರ. ಉಳಿದದ್ದು ಎರಡೇ ದಿನ.

ಅವತ್ತೇ ಇಳಿಹೊತ್ತಿನಲ್ಲಿ ಒಂದು ಮುದಿ ಕಾಗೆ, ಒಂದು ಕಾಲು ಸೊಟ್ಟ, ಅಟ್ಟದ ಅಂಚಿಗೆ ಬಂದು ಕೂತಿತು. ಆ ಕಾಲನ್ನು ಸೊಟ್ಟ ಮಾಡಿದವನು ಯಾರೆಂದು ಇಬ್ಬರಿಗೂ ಗೊತ್ತಿತ್ತು. ಧೂಳಪ್ಪ ಉಸಿರು ಹಿಡಿದ. ಕಾಗೆ ಒಂದು ಕುಪ್ಪಳ ಬಂತು. ಇನ್ನೊಂದು. ರೊಟ್ಟಿಗೆ ಗೇಣು ಅಂತರ. ಕೊಕ್ಕು ಬಗ್ಗಿತು.

ಅವನ ಬಲಗೈ ಎದ್ದಿತು.

ಅವನು ಎತ್ತಲಿಲ್ಲ, ಅದೇ ಎದ್ದಿತು. ನಲವತ್ತು ವರ್ಷ ರೆಕ್ಕೆ ಕಂಡಾಗಲೆಲ್ಲ ಎದ್ದ ಕೈ, ಯಜಮಾನನನ್ನು ಕೇಳಲೇ ಇಲ್ಲ. ಕಾಗೆ ಹಾರಿತು. ಧೂಳಪ್ಪ ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡು, ಬೇರೆಯವರ ಕೈ ನೋಡಿದಂತೆ ನೋಡುತ್ತ ಕೂತ.

ರವಿವಾರ ಮುಂಜಾನೆ ಸಿದ್ದವ್ವನ ಮುಂದೆ ಕೈ ಚಾಚಿದ. "ಕಟ್ಟ ಚಿಗವ್ವ. ನನ್ನ ಮಾತ ಕೇಳವಲ್ದು."

ಅವಳು ಬೈಯಲಿಲ್ಲ. ಸಾತವ್ವನ ಹಳೆ ಸೀರೆಯ ಸೆರಗು ಹರಿದು, ಬಲಗೈಯನ್ನು ಎದೆಗೆ ಬಿಗಿದು ಕಟ್ಟಿದಳು. ಅವನನ್ನು ಅಟ್ಟಕ್ಕೆ ಹತ್ತಿಸಿ, ತಾನು ಏಣಿಯ ಮೂರನೆಯ ಮೆಟ್ಟಿಲ ಮೇಲೆ ಕೂತಳು.

ಇಡೀ ದಿನ ಕಾಗೆ ಬರಲಿಲ್ಲ. ಹೊತ್ತು ಮುಳುಗುವಾಗ ನಾಲ್ಕು ಗುಬ್ಬಿ ಬಂದು ರೊಟ್ಟಿಯ ಸುತ್ತ ಕುಣಿದವು, ಕುಕ್ಕಿದವು. ಒಂದು ಅವನ ಕಟ್ಟಿದ ಕೈಯ ಮೇಲೆ ಕೂತು ಕೊಕ್ಕು ಒರೆಸಿಕೊಂಡಿತು. ಬಟ್ಟೆಯೊಳಗೆ ಕೈ ಏಳಲು ಎಳೆಯುತ್ತಿತ್ತು. ಗಂಟು ಗಟ್ಟಿಯಿತ್ತು.

"ಚಿಗವ್ವ," ಅಂದ, ತುಟಿ ಅಲುಗಿಸದೆ. "ಗುಬ್ಬಿ ಮುಟ್ಟಿದ್ರ ನಡೀತೈತೇನ?"

ಎಲ್ಲ ಶಾಸ್ತ್ರಕ್ಕೂ ಬಾಯಿ ಇದ್ದ ಸಿದ್ದವ್ವ ಈ ಸಲ ತಿರುಗಿ ಅವನನ್ನೇ ಕೇಳಿದಳು.

"ಆಕಿಗಿ ಗುಬ್ಬಿ ಅಂದ್ರ ಹೆಂಗ ಅನಸ್ತಿತ್ತೋ? ನಿನಗ ಗೊತ್ತಿರಬೇಕಲ್ಲ."

"ನಾ ಕೇಳಲಿಲ್ಲವ್ವ," ಅಂದ ಧೂಳಪ್ಪ. "ನಾ ಮ್ಯಾಲ ನೋಡತಿದ್ದೆ."

ಗುಬ್ಬಿಗಳು ರೊಟ್ಟಿ ಮುಗಿಸಿ, ಕತ್ತಲಾಗುವ ಮೊದಲು ಹಾರಿಹೋದವು.