ಒಂದೇ ಕೈಯವರ ಕೀಬೋರ್ಡ್

ಅಕ್ಕನ ಬಲಗೈ ಹೋದದ್ದು ನಮ್ಮ ಮನೆಯ ಮಗ್ಗದಲ್ಲೇ. ದೊಡ್ಡಬಳ್ಳಾಪುರದ ನಮ್ಮಂಥ ನೇಕಾರರ ಮನೆಗಳಲ್ಲಿ ಮುಂದಿನ ಕೋಣೆ ಮಗ್ಗಕ್ಕೆ, ಹಿಂದಿನದು ಮನುಷ್ಯರಿಗೆ. ಕೆಳಗೆ ಬಿದ್ದಿದ್ದ ನೂಲಿನ ಉಂಡೆ ಎತ್ತಿಕೊಡು ಎಂದು ಅಪ್ಪ ಹೇಳಿದ. ಅಕ್ಕ ಬಗ್ಗಿದಳು. ಮೋಟಾರಿನ ಬೆಲ್ಟು ಬಳೆಗಳ ಸಮೇತ ಕೈ ಎಳೆದುಕೊಂಡಿತು. ಆಸ್ಪತ್ರೆಯಲ್ಲಿ ಮೊಣಕೈಯ ಕೆಳಗೆ ತೆಗೆಯಬೇಕಾಯಿತು.

ಅವಳು ಕೋರ್ಟಿನ ಹತ್ತಿರ ವಕೀಲರೊಬ್ಬರಲ್ಲಿ ಇಂಗ್ಲಿಷ್ ಟೈಪಿಸ್ಟ್ ಆಗಿದ್ದವಳು. ಕೈ ಹೋದ ದಿನದಿಂದ ಅಪ್ಪ ಅವಳು ಕೂತ ಕಡೆ ಕೂರುತ್ತಿರಲಿಲ್ಲ. ಅವಳ ಊಟ ಮುಗಿದ ಮೇಲೆಯೇ ಊಟಕ್ಕೆ ಬರುತ್ತಿದ್ದ. ಮಗ್ಗ ನಿಲ್ಲಿಸುವ ಹಾಗಿರಲಿಲ್ಲ, ಅದೇ ಅನ್ನ ಕೊಡುತ್ತಿತ್ತು. ಗೋಡೆಯಾಚೆ ಅದು ಬಡಿಯುತ್ತಿದ್ದಷ್ಟು ಹೊತ್ತೂ ಅಕ್ಕ ಸೆರಗಿನ ಒಳಗೆ ಮೊಂಡುಗೈಯನ್ನು ಹಿಡಿದುಕೊಂಡಿರುತ್ತಿದ್ದಳು.

ನಾನು ಆಗ ಬಸ್ ಸ್ಟ್ಯಾಂಡಿನ ಬಳಿ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದೆ. ತೊಂಬತ್ತರ ದಶಕದ ನಡುವಿನ ಮಾತು. ಕೇಂದ್ರದವರು ಬೇಡವೆಂದು ಬಿಟ್ಟಿದ್ದ ಹಳೆಯ ಕಂಪ್ಯೂಟರನ್ನು ಮನೆಗೆ ತಂದು ಅಕ್ಕನ ಮುಂದಿಟ್ಟೆ. ಒಂದೇ ಕೈಯನ್ನು ಆ ತುದಿಯಿಂದ ಈ ತುದಿಗೆ ಓಡಿಸಿ ಸ್ವಲ್ಪ ಹೊತ್ತಿಗೇ ಸೋತು ಬಿಡುತ್ತಿದ್ದಳು.

ಒಮ್ಮೆ ಬಿಡಿಭಾಗ ತರಲು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದಾಗ ಹಳೆ ಸಾಮಾನಿನ ಅಂಗಡಿಯಲ್ಲಿ ಕಲ್ಲಿನ ಹಾಗೆ ಭಾರವಾದ ಕೀಬೋರ್ಡೊಂದು ಕಂಡಿತು. ಎಡ ಪಕ್ಕದಲ್ಲಿ ಒಂದು ಸಾಲು ಹೆಚ್ಚಿನ ಕೀಗಳು.

“ಇದು ಮಾಮೂಲಿ ಅಲ್ಲ ಮೇಡಂ. ಯಾವ ಅಕ್ಷರನ ಯಾವ ಕೀಗೆ ಬೇಕಾದ್ರೂ ಕೊಡ್ಬೋದು. ಒಂದ್ ಸಲ ಕಲಿಸಿದ್ರೆ ಕರೆಂಟ್ ಹೋದ್ರೂ ಮರೆಯಲ್ಲ,” ಎಂದ ಅಂಗಡಿಯವನು.

ಅಕ್ಷರಗಳನ್ನೆಲ್ಲ ಎಡಕ್ಕೆ ತಂದುಕೊಡಬಹುದು ಎಂದುಕೊಂಡು ಕುಣಿಯುತ್ತಾ ಮನೆಗೆ ಬಂದೆ. ಜೋಡಿಸಿ ನೋಡಿದರೆ ಕೀಬೋರ್ಡು ಹುಚ್ಚುಹುಚ್ಚಾಗಿ ಆಡಿತು. ಒಂದಕ್ಷರ ಒತ್ತಿದರೆ ಇನ್ನೊಂದು ಬರುತ್ತಿತ್ತು. ಬಲಗಡೆಯ ಅರ್ಧಕ್ಕೆ ಜೀವವೇ ಇರಲಿಲ್ಲ. ಬದಲಾಯಿಸಲು ಹೋದರೆ ಕೆಂಪು ದೀಪ ಮಿನುಗಿ ಕೀಂ ಎನ್ನುತ್ತಿತ್ತು. ಯಾರೋ ಅದಕ್ಕೆ ಬೀಗ ಹಾಕಿದ್ದರು.

“ಕೆಟ್ಟಿರೋದನ್ನ ತಲೆಗೆ ಕಟ್ಟವ್ನೆ,” ಎಂದು ನಾನು ಬೈದೆ.

ಅಕ್ಕ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಬಲಗಡೆಯ ಕೀಗಳು ಹೊಸದರಂತೆ ಇದ್ದವು. ಎಡಗಡೆಯವು ಅಕ್ಷರಗಳೇ ಅಳಿದು ಹೊಳೆಯುತ್ತಿದ್ದವು.

“ಕೆಟ್ಟಿಲ್ಲ ಕಣೆ,” ಎಂದಳು ಮೆಲ್ಲಗೆ. “ಇದನ್ನ ಇಟ್ಕೊಂಡಿದ್ದೋರ್ಗೂ ಎಡಗೈ ಒಂದೇ ಇತ್ತು.”

ಅವಳು ಅಂದೇ ಕೂತು ಯಾವ ಕೀಯಲ್ಲಿ ಯಾವ ಅಕ್ಷರವಿದೆ ಎಂದು ಹುಡುಕತೊಡಗಿದಳು. ಪಕ್ಕದ ಸಾಲಿನ ಕೊನೆಯ ಕೀ ಒತ್ತಿದಾಗ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಇಡೀ ಒಂದು ಸಾಲು ತಾನಾಗಿ ಮೂಡಿತು: ದಯವಿಟ್ಟು ತಾಳಿ, ನನಗೆ ಒಂದೇ ಕೈ.

ಅಕ್ಕ ಬೆಂಕಿ ಮುಟ್ಟಿದವಳಂತೆ ಬೆರಳು ಕಿತ್ತುಕೊಂಡಳು.

ಆದರೂ ಬಿಡಲಿಲ್ಲ. ಕೆಲವು ವಾರಗಳಲ್ಲಿ ಅವಳ ಕೈ ಓಡತೊಡಗಿತು. ನನಗೆ ಸಂತೋಷ, ಅವಳಿಗಲ್ಲ. ಟೈಪ್ ಮಾಡುತ್ತಾ ತಟ್ಟನೆ ನಿಲ್ಲಿಸಿ ಭುಜದ ಹಿಂದೆ ನೋಡುತ್ತಿದ್ದಳು. “ಈ ಕೀ ನಂಗೆ ಎಟುಕಲ್ಲ. ಇವರ ಕಿರುಬೆರಳು ನನ್ನದಕ್ಕಿಂತ ಉದ್ದ,” ಎನ್ನುತ್ತಿದ್ದಳು. ಒಂದು ಸಂಜೆ ಎದ್ದೇ ಬಂದಳು.

“ನಂಗಾಗಲ್ಲ ಕಣೆ. ಯಾರದೋ ಕೈಯೊಳಗೆ ಕೈ ತೂರಿಸ್ದಂಗೆ ಆಗುತ್ತೆ. ಅವ್ರು ಬದುಕವ್ರೋ ಇಲ್ವೋ. ಇದನ್ನ ಅಳಿಸಿ ಕೊಡು, ನನ್ ಥರ ನಾನು ಮಾಡ್ಕೋತೀನಿ.”

ನಾನು ಮತ್ತೆ ಎಸ್.ಪಿ. ರಸ್ತೆಗೆ ಹೋದೆ. ಯಾವುದೋ ಮುಚ್ಚಿದ ಆಫೀಸಿನ ಸಾಮಾನಿನ ಜತೆ ಬಂದದ್ದು, ಯಾರದೆಂದು ಗೊತ್ತಿಲ್ಲ ಎಂದ ಅಂಗಡಿಯವನು. ಬೀಗ ತೆಗೆಯುವ ದಾರಿ ಮಾತ್ರ ಯಾರನ್ನೋ ವಿಚಾರಿಸಿ ಹೇಳಿದ. ಎಡತುದಿಯ ಕೀ, ಬಲತುದಿಯ ಕೀ ಎರಡನ್ನೂ ಅದುಮಿ ಹಿಡಿದು, ಬಿಡದೆ, ಕಂಪ್ಯೂಟರ್ ಆನ್ ಮಾಡಬೇಕು. ಆಗ ಎಲ್ಲವೂ ಅಳಿದು ಹೋಗುತ್ತದೆ.

ನಮ್ಮ ಮನೆಯಲ್ಲಿ ಸ್ವಿಚ್ಚು ಬಾಗಿಲ ಪಕ್ಕದ ಗೋಡೆಯಲ್ಲಿತ್ತು. ನಾನು ಅಲ್ಲಿ ನಿಂತೆ. ಅಕ್ಕ ಎಡತುದಿಗೆ ಬೆರಳಿಟ್ಟು ಕೂತಳು. ಬಲತುದಿಗೆ ಕೈ ಇರಲಿಲ್ಲ. ಸ್ವಿಚ್ಚು ಹಾಕಲು ಅಮ್ಮನನ್ನು ಕರೆದು ನಾನೇ ಅಕ್ಕನ ಪಕ್ಕ ಕೂರೋಣವೆಂದುಕೊಳ್ಳುವಷ್ಟರಲ್ಲಿ ಅವಳೇ ಕೂಗಿದಳು:

“ಅಪ್ಪಾ, ಒಸಿ ಬಾ ಇಲ್ಲಿ.”

ಮಗ್ಗ ನಿಂತಿತು. ಅಪ್ಪ ಬಾಗಿಲಲ್ಲಿ ಬಂದು ನಿಂತ.

“ಏನಮ್ಮ?”

“ಇಲ್ ಕೂತ್ಕೊ. ಇದನ್ನ ಅದುಮಿ ಹಿಡ್ಕೊ.”

“ನಂಗೇನ್ ಗೊತ್ತಾಗುತ್ತಮ್ಮ ಇದೆಲ್ಲ.”

“ಗೊತ್ತಾಗೋದೇನಿಲ್ಲ. ಕೈ ಇಟ್ರೆ ಸಾಕು.”

ಅಪ್ಪ ಪಂಚೆಗೆ ಕೈ ಒರೆಸಿಕೊಂಡು ಅವಳ ಬಲಕ್ಕೆ, ಖಾಲಿ ತೋಳಿನ ಪಕ್ಕ ಕೂತ. ಅವಳು ತೋರಿಸಿದ ಕೀಯನ್ನು ದಪ್ಪ ಬೆರಳಿನಿಂದ ಅದುಮಿ ಹಿಡಿದ. ನಾನು ಸ್ವಿಚ್ಚು ಹಾಕಿದೆ. ಕೆಂಪು ದೀಪ ಉರಿಯಿತು, ಉದ್ದಕ್ಕೆ ಒಂದು ಸದ್ದು ಬಂತು, ದೀಪ ಆರಿತು.

“ಆಯ್ತು, ಬಿಡಪ್ಪ,” ಎಂದಳು ಅಕ್ಕ.

ಅಪ್ಪ ಬಿಡಲಿಲ್ಲ. ತಲೆ ತಗ್ಗಿಸಿ ಕೀಯನ್ನು ಅದುಮಿಕೊಂಡೇ ಇದ್ದ. ಪರದೆಯ ಮೇಲೆ ಒಂದೇ ಅಕ್ಷರ ಸಾಲುಸಾಲಾಗಿ ತುಂಬುತ್ತಾ ಹೋಯಿತು. ಅಕ್ಕ ಎಡಗೈ ಚಾಚಿ ಅವನ ಬೆರಳನ್ನು ಎತ್ತಿದಳು. ಅವನು ಎದ್ದು ಹೋದ. ಮಗ್ಗ ಮಾತ್ರ ಆ ಸಂಜೆ ಮತ್ತೆ ಶುರುವಾಗಲಿಲ್ಲ.

ಅಕ್ಕ ನನ್ನನ್ನು ಕೇಳಿದಳು, “ಬೀಗ ಹಾಕೋದೂ ಹಿಂಗೇ ಅಲ್ವಾ?”

“ಹೂಂ, ಹೀಗೇ ಅಂದ ಅಂಗಡಿಯವ್ನು.”

“ಹಂಗಾದ್ರೆ ಅವ್ರ ಪಕ್ಕನೂ ಯಾರೋ ಕೂತಿದ್ರು.”

ಆಮೇಲೆ ತನ್ನ ಬೆರಳಿಗೆ ತಕ್ಕ ಹಾಗೆ ಅಕ್ಷರಗಳನ್ನು ಒಂದೊಂದಾಗಿ ಜೋಡಿಸಿಕೊಂಡಳು. ಮಳೆಗಾಲ ಮುಗಿಯುವ ಹೊತ್ತಿಗೆ ವಕೀಲರು ಕೆಲಸ ಮನೆಗೇ ಕಳುಹಿಸತೊಡಗಿದರು. ಅಪ್ಪ ಕೆಲವೊಮ್ಮೆ ಬಂದು ಕಾಗದಗಳನ್ನು ಜೋಡಿಸಿಕೊಡುತ್ತಿದ್ದ. ಇಬ್ಬರೂ ಮಾತಾಡುತ್ತಿದ್ದುದು ಕಡಿಮೆ.

ಅಳಿಸಿದ್ದಕ್ಕೆ ಅಕ್ಕ ಒಳಗೊಳಗೇ ನೊಂದಿದ್ದಳೆಂದು ನನಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ. ಅಡುಗೆಮನೆಯಲ್ಲಿ ಕಾಳು ಆರಿಸುತ್ತಾ ಇದ್ದಕ್ಕಿದ್ದಂತೆ ಅಂದಳು, “ಆ ಮನುಷ್ಯರು ಹೆಂಗಸೋ ಗಂಡಸೋ ಅನ್ನೋದೂ ನಂಗೊತ್ತಿಲ್ಲ. ಆದ್ರೆ ದಾರೀಲಿ ಸಿಕ್ಕಿ ಕೈ ಹಿಡ್ಕೊಂಡ್ರೆ, ಇವರೇ ಅಂತ ಹೇಳ್ಬಿಡ್ತೀನಿ ಕಣೆ.”