ನಿದ್ದೆ ಬಂತೆಂದು ಬರೆದುಕೊಟ್ಟವರು

ಅವರ ತಲೆಗೂದಲಲ್ಲಿ ಈ ಕಿವಿಯಿಂದ ಆ ಕಿವಿಯವರೆಗೆ ತಗ್ಗಿನ ಗೆರೆಯೊಂದು ಬಿದ್ದಿತ್ತು. ರಜೆಯ ದಿನ ಎಣ್ಣೆಸ್ನಾನ ಮಾಡಿ, ಜಡೆ ಬಿಚ್ಚಿ ಬಿಸಿಲಿಗೆ ಕೂತಾಗಲೂ ಅದು ಮಾಯುತ್ತಿರಲಿಲ್ಲ. ವಿಮಾನದಲ್ಲಿ ರೇಡಿಯೋ ಕೇಳಲು ಹಾಕಿಕೊಳ್ಳುವ ಹೆಡ್‌ಸೆಟ್ಟು ವರ್ಷಗಟ್ಟಲೆ ಒತ್ತಿ ಉಳಿಸಿದ ಗುರುತು. ಸೂಲಿಬೆಲೆ ಕಡೆಯ ಒಕ್ಕಲು ಮನೆತನದ ಹೆಣ್ಣುಮಗಳು, ವಿಮಾನದ ಕ್ಯಾಪ್ಟನ್. ವಿಮಾನ ನಿಲ್ದಾಣಕ್ಕೆ ಹತ್ತಿರದ ವಿಜಯಪುರದ ನಮ್ಮ ಮನೆಯ ಮಹಡಿಯಲ್ಲಿ ನಾಲ್ಕು ವರ್ಷ ಬಾಡಿಗೆಗಿದ್ದರು. ಬೀದಿಯವರಿಗೆಲ್ಲ ಅವರು ಕ್ಯಾಪ್ಟನಮ್ಮ.

ಹೇಳಿದ್ದನ್ನು ತಿರುಗಿ ಒಪ್ಪಿಸುವುದು ಅವರ ಅಭ್ಯಾಸ. "ನಾಳೆ ಹತ್ತು ಗಂಟೆಗೆ ಸಿಲಿಂಡರ್ ಬರ್ತದೆ ಕಣಮ್ಮ" ಎಂದು ನನ್ನ ಹೆಂಡತಿ ಕೆಳಗಿನಿಂದ ಕೂಗಿದರೆ, "ನಾಳೆ, ಹತ್ತು ಗಂಟೆ, ಸಿಲಿಂಡರ್. ಸರಿ ಅಜ್ಜಿ" ಎಂದು ಮೇಲಿನಿಂದ ಉತ್ತರ.

"ನಾವು ಮನೆ ಕೊಟ್ಟಿದ್ದು ಮನುಷ್ಯರಿಗೋ, ಗಿಣಿಗೋ?" ಎಂದು ಇವಳು ರೇಗಿಸುತ್ತಿದ್ದಳು.

"ವಿಮಾನದಲ್ಲಿ ಹಂಗೇ, ಕೆಳಗಿಂದ ಕಂಟ್ರೋಲ್‌ನವರು ಹೇಳಿದ್ದನ್ನ ನಾವು ತಿರುಗಿ ಹೇಳ್ಬೇಕು ಅಜ್ಜಿ. ಹೇಳ್ಲಿಲ್ಲ ಅಂದ್ರೆ ಕೇಳಿಸ್ಕೊಂಡೇ ಇಲ್ಲ ಅಂತ" ಎಂದು ಅವರು ನಗುತ್ತಿದ್ದರು.

ಅವರ ನಿದ್ದೆಗೆ ಮಾತ್ರ ಹೊತ್ತುಗೊತ್ತಿರಲಿಲ್ಲ. ಒಂದು ದಿನ ನಸುಕಿನ ಪಾಳಿ, ಇನ್ನೊಂದು ದಿನ ಸಂಜೆಯದು, ಮತ್ತೆ ನಸುಕಿನದು. ಕಿಟಕಿಗೆ ಕಂಬಳಿ ಕಟ್ಟಿ ಮಲಗುತ್ತಿದ್ದರು. ಕೂಗಬೇಡವೆಂದು ನಾನು ಸೊಪ್ಪಿನವಳಿಗೆ ಹೇಳಿದರೆ, "ವಿಮಾನ ಬಿಡೋರು ಮಟಮಟ ಮಧ್ಯಾಹ್ನ ಮಲಗವ್ರಾ? ನಂಗೂ ಅಂಥದ್ದೊಂದು ಕೆಲ್ಸ ಕೊಡ್ಸಿ ತಾತ" ಎಂದು ಅಣಕಿಸಿದಳು. ನಾನು ಮೂವತ್ತು ವರ್ಷ ರೇಷ್ಮೆ ನೂಲು ಬಿಚ್ಚಿದವನು. ಬಿಸಿನೀರಿನ ಮುಂದೆ ಕೂತು, ಗೂಡಿನಿಂದ ಎಳೆ ಹಿಡಿಯುತ್ತ, ಕಣ್ಣು ತೆರೆದಿದ್ದಂತೆಯೇ ನಿದ್ದೆ ಹೋಗಬಹುದೆಂಬುದನ್ನು ನನ್ನ ಮೈ ಬಲ್ಲದು. ಕೈ ತನ್ನ ಪಾಡಿಗೆ ಆಡುತ್ತಿರುತ್ತದೆ. ಎಳೆ ಕಡಿದದ್ದು ತಿಳಿಯುವುದು ಪಕ್ಕದವನು ಬೈದಾಗ.

ಪಾಳಿ ಹೀಗೇ ಮುಂದುವರಿದರೆ ಆಗದೆಂದು ಕ್ಯಾಪ್ಟನಮ್ಮ ಕಂಪನಿಗೆ ಎರಡು ಸಲ ಬರೆದಿದ್ದರು. "ನಿಯಮದ ಪ್ರಕಾರ ವಿಶ್ರಾಂತಿ ಸಿಕ್ಕಿದೆ ಅಂತ ಉತ್ರ ಬಂತು ತಾತ. ಕಾರಲ್ಲಿ ಮನೆಗೆ ಬಂದು ಹೋಗೋದೂ ವಿಶ್ರಾಂತಿನೇ ಅಂತೆ" ಎಂದರು. ಆಗಲೂ ನಕ್ಕರು.

ಒಂದು ಬೆಳಿಗ್ಗೆ ಪತ್ರಿಕೆಯ ಒಳಪುಟದಲ್ಲಿ ಸಣ್ಣ ಸುದ್ದಿಯಿತ್ತು. ಹಾರುತ್ತಿದ್ದ ವಿಮಾನವೊಂದು ಕೆಳಗಿನ ಕಂಟ್ರೋಲ್‌ನವರ ಕರೆಗೆ ಹಲವು ನಿಮಿಷ ಉತ್ತರಿಸಲಿಲ್ಲ. ರೇಡಿಯೋ ಫ್ರೀಕ್ವೆನ್ಸಿ ಬದಲಿಸುವಾಗ ತಪ್ಪು ಸಂಖ್ಯೆ ಒತ್ತಿದ್ದರಿಂದ ಹಾಗಾಯಿತೆಂದು ಕಂಪನಿ ತಿಳಿಸಿತ್ತು. ನನಗೆ ಒಪ್ಪಿಗೆಯಾಗಲಿಲ್ಲ. ಅಷ್ಟು ಹೊತ್ತು ಯಾರೂ ಮಾತಾಡಿಸಲಿಲ್ಲವಲ್ಲ ಎಂಬ ಅನುಮಾನ ಒಳಗಿದ್ದ ಇಬ್ಬರು ಪೈಲಟ್‌ಗಳಲ್ಲಿ ಒಬ್ಬರಿಗೂ ಬರಲಿಲ್ಲವೇ?

ಮಧ್ಯಾಹ್ನ ಕ್ಯಾಪ್ಟನಮ್ಮ ಒಂದು ಕಾಗದ ಹಿಡಿದು ಕೆಳಗಿಳಿದು ಬಂದರು. ಇನ್ನೊಂದು ಕೈಯಲ್ಲಿ ಮುಚ್ಚಳ ತೆಗೆದ ಪೆನ್ನಿತ್ತು.

"ಆ ವಿಮಾನ ನಂದೇ ತಾತ. ಕೋ-ಪೈಲಟ್‌ಗೆ ಒಂದಿಷ್ಟು ಹೊತ್ತು ಕಣ್ಮುಚ್ಕೋ ಅಂದೆ, ಅದಕ್ಕೆ ನಿಯಮದಲ್ಲೇ ಅವಕಾಶ ಇದೆ. ಆಮೇಲೆ ನಾನೂ ಮಲಗ್ಬಿಟ್ಟಿದೀನಿ. ಪಕ್ಕದಲ್ಲಿ ಹೋಗ್ತಿದ್ದ ಇನ್ನೊಂದು ವಿಮಾನದವರು ರೇಡಿಯೋದಲ್ಲಿ ಕೂಗಿ ಕೂಗಿ ಎಬ್ಬಿಸಿದ್ರು."

"ಮತ್ತೆ ಇದೇನಮ್ಮ, ತಪ್ಪು ಸಂಖ್ಯೆ ಅಂತ?"

"ಕಂಪನಿಯವರೇ ಬರೆದು ಕಳಿಸಿದಾರೆ. ಸೈನ್ ಹಾಕಿದ್ರೆ ಒಂದು ಎಚ್ಚರಿಕೆ ಕೊಟ್ಟು ಬಿಡ್ತಾರಂತೆ. ನಿದ್ದೆ ಅಂದ್ರೆ ಕೆಲ್ಸ ಹೋಗುತ್ತೆ ತಾತ."

ಅವರು ನನ್ನಿಂದ ಬುದ್ಧಿಮಾತು ಕೇಳಿರಲಿಲ್ಲ. ಯಾರಿಗಾದರೂ ಹೇಳಿಕೊಳ್ಳಬೇಕಾಗಿತ್ತು, ಅಷ್ಟೇ. ಆದರೂ ನಾನು ಹೇಳಿದೆ: "ಇದಕ್ಕೆ ಸೈನ್ ಹಾಕಿದ್ರೆ ನೀನು ಮೊದ್ಲು ಬರೆದ ಎರಡು ಕಾಗದವೂ ಸುಳ್ಳಾಗ್ತವೆ ತಾಯಿ. ನಡೆದಿದ್ದನ್ನ ನಡೆದಂಗೆ ಬರಿ. ಪಾಳಿ ಪಟ್ಟಿನೂ ಜೊತೆಗಿಡು. ಆಗ ಅವರು ಉತ್ರ ಕೊಡ್ಲೇಬೇಕು."

"ಕೊಡ್ತಾರಾ ತಾತ?"

"ಕೊಡ್ದೆ ಎಲ್ಲಿಗ್ ಹೋಗ್ತಾರೆ?"

"ಸುಮ್ನಿರಿ ನೀವು, ಕೆಲ್ಸ ಹೋಗೋದು ಅವಳದು" ಎಂದು ಒಳಗಿನಿಂದ ನನ್ನ ಹೆಂಡತಿ ಅಂದಳು. ನಾನು ಸುಮ್ಮನಿರಲಿಲ್ಲ. ನಮ್ಮ ಜಗಲಿಯ ಮೇಲೆಯೇ ಕೂತು ಅವರು ಹೊಸ ಹಾಳೆಯಲ್ಲಿ ಮೂರು ಪುಟ ಬರೆದರು. ನಾನು ಬಿಳಿ ದಾರ ತಂದು ಪಾಳಿಯ ಪಟ್ಟಿಯನ್ನು ಅದಕ್ಕೆ ಹೊಲಿದುಕೊಟ್ಟೆ.

ತನಿಖೆಯ ವರದಿ ಬಂದಾಗ ಅದರ ಪ್ರತಿಯನ್ನು ಅವರಿಂದ ಪಡೆದು, ನಿಘಂಟು ಪಕ್ಕದಲ್ಲಿಟ್ಟುಕೊಂಡು ಮೂರು ಸಲ ಓದಿದೆ. ಆ ಮೂರು ಪುಟಗಳಿಂದ ತನಿಖೆಯವರು ಎತ್ತಿಕೊಂಡಿದ್ದು ಒಂದೇ ವಾಕ್ಯ: ನಾನು ನಿದ್ದೆ ಹೋದೆ. ಮೊದಲಿನ ಪತ್ರಗಳ ಮಾತಿಲ್ಲ, ಪಾಳಿಯ ಪಟ್ಟಿಯ ಮಾತಿಲ್ಲ. ದೊರೆತ ವಿಶ್ರಾಂತಿಯನ್ನು ಸರಿಯಾಗಿ ಬಳಸಿಕೊಳ್ಳದ ವೈಯಕ್ತಿಕ ಅಶಿಸ್ತೆಂದು ತೀರ್ಮಾನವಾಗಿತ್ತು. ಜೀವಮಾನವಿಡೀ ಸುಳ್ಳು ವರದಿಗಳನ್ನು ಅನುಮಾನಿಸುತ್ತ ಬಂದ ನನಗೆ, ನಿಜವಾದ ಒಂದೇ ವಾಕ್ಯದಿಂದಲೂ ಇಷ್ಟು ದೊಡ್ಡ ಸುಳ್ಳು ಕಟ್ಟಬಹುದೆಂದು ತೋಚಿರಲಿಲ್ಲ.

ಕಂಪನಿ ಅವರನ್ನು ತೆಗೆಯಿತು. ಬೇರೆ ಯಾವ ಕಂಪನಿಯೂ ಕೆಲಸಕ್ಕೆ ಕರೆಯಲಿಲ್ಲ. ಮನೆ ಖಾಲಿ ಮಾಡುವ ದಿನ, ಸಾಮಾನೆಲ್ಲ ಲಗೇಜ್ ಆಟೋಗೆ ಏರಿದ ಮೇಲೆ, "ನನ್ನ ಮಾತು ಕೇಳಿ ಕೆಟ್ಟೆಯಲ್ಲಮ್ಮ" ಎಂದೆ.

"ನೀವು ಹೇಳ್ದೆ ಇದ್ರೂ ನಾನು ಹಂಗೇ ಬರೀತಿದ್ದೆ ತಾತ. ಮನಸ್ಸಿಗೆ ಹಚ್ಕೋಬೇಡಿ."

ಈ ಮಾತನ್ನೂ ನಾನು ನಂಬಲಿಲ್ಲ. ಆ ಮಧ್ಯಾಹ್ನ ಅವರು ಸೈನ್ ಹಾಕಲು ಪೆನ್ನಿನ ಮುಚ್ಚಳ ತೆಗೆದೇ ಇಳಿದು ಬಂದಿದ್ದರು. ನನ್ನ ಮೇಲಿನ ಕರುಣೆಯಿಂದ ಅವರು ಆಡಿದ ಒಂದೇ ಸುಳ್ಳು ಅದು. ಈಗ ಸೂಲಿಬೆಲೆಯಲ್ಲಿ ಅಕ್ಕನ ಮನೆಯಲ್ಲಿದ್ದಾರಂತೆ. ನೋಡಿ ಬರೋಣವೆಂದು ಎರಡು ಸಲ ಬಸ್ಸು ಹತ್ತಿದವನು ದಾರಿಯಲ್ಲೇ ಇಳಿದು ವಾಪಸು ಬಂದಿದ್ದೇನೆ.

ಮಹಡಿಯಲ್ಲಿ ಈಗ ಬೇರೊಬ್ಬ ಪೈಲಟ್ ಇದ್ದಾನೆ. ಹೋದ ವಾರ ಮೆಟ್ಟಿಲ ಮೇಲೆ ಕೂತು ಬೂಟಿನ ಲೇಸು ಕಟ್ಟುತ್ತಿದ್ದವನು ಹಾಗೆಯೇ ಗೋಡೆಗೆ ವಾಲಿಬಿಟ್ಟಿದ್ದ. ಗೇಟಿನ ಬಳಿ ಕಂಪನಿಯ ಕಾರು ಹಾರನ್ ಹೊಡೆಯುತ್ತಿತ್ತು. ಭುಜ ಅಲುಗಿಸಿ ಎಬ್ಬಿಸಿದೆ.

"ಸುಸ್ತಾಗಿದೆ, ಇವತ್ತು ಆಗಲ್ಲ ಅಂತ ಬರೆದು ಕಳಿಸ್ಲಾ ತಾತ?" ಎಂದ.

ಅವನು ನನ್ನ ಮುಖವನ್ನೇ ನೋಡುತ್ತ ಕಾದ. ನಾನು ಬಗ್ಗಿ, ನೆಲಕ್ಕೆ ಬಿದ್ದಿದ್ದ ಅವನ ಟೋಪಿಯನ್ನು ಎತ್ತಿ, ಧೂಳು ಕೊಡವಿ ಕೈಗೆ ಕೊಟ್ಟೆ.